ಕವಲೇದುರ್ಗದ ಟೇಪಿನಲ್ಲಿ ಸೀತಮ್ಮನ ದನಿ

ಅರವತ್ತರ ದಶಕದ ನಡುಭಾಗ. ಆಗ ನಾನು ಮದರಾಸಿನ ಒಂದು ಗ್ರಾಮಫೋನ್ ಕಂಪನಿಯಲ್ಲಿ ಸೌಂಡ್ ರೆಕಾರ್ಡಿಸ್ಟ್ ಆಗಿದ್ದೆ. ಊರೂರು ಸುತ್ತಿ ಹಾಡುಗಾರರ ದನಿಯನ್ನು ಟೇಪಿನಲ್ಲಿ ಹಿಡಿದು ತರುವುದು ನನ್ನ ಕೆಲಸ. ಆ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಸಾಗರದಲ್ಲಿ ರೈಲಿಳಿದೆ. ಬ್ಯಾಟರಿಯಿಂದ ನಡೆಯುವ ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಹೊಸನಗರ ದಾಟಿ ಕೋಣಂದೂರಿಗೆ ಬಂದೆ.

ಅಲ್ಲಿ ಈರಪ್ಪ ಎಂಬ ದರ್ಜಿ ಇದ್ದರು. ವಯಸ್ಸು ಐವತ್ತರ ಆಸುಪಾಸು. ತಾವೇ ಹಾಡು ಕಟ್ಟಿ, ಕಂಜಿರ ಬಡಿದುಕೊಂಡು ಹಾಡುತ್ತಿದ್ದರು. ಆ ಹಾಡುಗಳಲ್ಲಿ ದೇವರೂ ಇಲ್ಲ, ರಾಜರೂ ಇಲ್ಲ. ನರೆತ ತಲೆ, ಜಾರುವ ಕನ್ನಡಕ, ಹಳತಾದ ಸಂಸಾರ, ಇಷ್ಟೇ. ಕೇಳಿದವರು ಹೊಟ್ಟೆ ಹಿಡಿದು ನಗುತ್ತಿದ್ದರು. ಇವರದೇ ಒಂದು ಎಲ್.ಪಿ. ರೆಕಾರ್ಡ್ ತರಬೇಕೆಂದು ನಮ್ಮ ಕಂಪನಿ ತೀರ್ಮಾನಿಸಿತ್ತು.

ಅಂಗಡಿಯಲ್ಲಿ ಅವರ ಎದುರಿಗೇ ಕೂತು ಹೆಂಡತಿ ಸೀತಮ್ಮ ಗುಂಡಿ ಹೊಲಿಯುತ್ತಿದ್ದರು. ಇಬ್ಬರ ನಡುವೆ ಮಾತಿರಲಿಲ್ಲ. ಈರಪ್ಪ ಕೈ ಚಾಚಿದರೆ ಆಕೆ ಕತ್ತರಿ ಕೊಡುತ್ತಿದ್ದರು, ಅಷ್ಟೆ.

“ತೀರ್ಥಹಳ್ಳಿಲಿ ಇವಳ ಮೇಲೇ ಒಂದು ಹಾಡು ಹೇಳ್ದೆ ಸಾರ್,” ಎಂದು ಈರಪ್ಪ ಕಾರಣ ತಿಳಿಸಿದರು. “ಇವಳೂ ಅಲ್ಲೇ ಕೂತಿದ್ಲು. ಜನ ಎಲ್ಲ ಇವಳ ಕಡೆ ತಿರುಗಿ ನಕ್ರು. ಆವತ್ತಿಂದ ನನ್ನ ಹತ್ರ ಬಾಯಿ ಬಿಟ್ಟಿಲ್ಲ. ವರ್ಷಗಳೇ ಆದ್ವು.”

ಪೇಟೆಯ ಗದ್ದಲದಲ್ಲಿ ರೆಕಾರ್ಡಿಂಗ್ ಸಾಧ್ಯವಿರಲಿಲ್ಲ. ಹಾಗಾಗಿ ಕವಲೇದುರ್ಗದ ಕೋಟೆ ಹತ್ತಿ, ಅಲ್ಲಿನ ಒಂದು ಕಲ್ಲುಮಂಟಪದಲ್ಲಿ ಮೈಕ್ ನಿಲ್ಲಿಸಿದೆ. ಬುತ್ತಿ ಹೊತ್ತು ಸೀತಮ್ಮನೂ ಬಂದಿದ್ದರು. ದೂರದ ಕಂಬಕ್ಕೆ ಒರಗಿ ಕೂತರು. ನಡುಮಧ್ಯಾಹ್ನ. ಒಂದು ಹಕ್ಕಿಯ ಸದ್ದೂ ಇಲ್ಲ. ನಾವು ಮೂವರಲ್ಲದೆ ಅಲ್ಲಿ ಯಾರೂ ಇರಲಿಲ್ಲ.

ಈರಪ್ಪ ಹಾಡಿದರು:
“ಕನ್ನಡಕ ಬಂತು ಕಣ್ಣಿಗೆ, ಸೂಜಿ ಕಾಣ್ತದೆ,
ಎದುರು ಕೂತ ಹೆಂಡ್ತಿ ಮಾತ್ರ ಮಸುಕು ಮಸುಕು.”
ಜನ ನಗಲೆಂದು ಪ್ರತಿ ಎರಡು ಸಾಲಿಗೊಮ್ಮೆ ಸ್ವಲ್ಪ ಹೊತ್ತು ನಿಲ್ಲಿಸುವುದು ಅವರ ರೂಢಿ. ಅಲ್ಲಿ ನಗುವವರಿರಲಿಲ್ಲ. ಆ ಜಾಗದಲ್ಲಿ ನನ್ನ ಹೆಡ್‌ಫೋನಿಗೆ ಬರೀ ಮೌನ ಬಂತು.

ಹಾಡು ಮುಗಿದ ಮೇಲೆ ಟೇಪನ್ನು ಹಿಂದಕ್ಕೆ ಸುತ್ತಿ ಎಲ್ಲರಿಗೂ ಕೇಳುವಂತೆ ಹಾಕಿದೆ. ಈರಪ್ಪನವರ ಸಾಲು ಮುಗಿಯಿತು. ಆಮೇಲಿನ ಮೌನದ ಜಾಗದಲ್ಲಿ ಹೆಂಗಸೊಬ್ಬಳ ದನಿ, ಅದೇ ಧಾಟಿಯಲ್ಲಿ:
“ಸೂಜಿಗೆ ದಾರ ಪೋಣಿಸಿ ಕೊಟ್ಟೋಳು ಯಾರು ಕೇಳು.”

ಈರಪ್ಪನ ಕೈಯಿಂದ ಕಂಜಿರ ಜಾರಿತು. “ಇವಳದೇ ದನಿ,” ಎಂದರು.

ಸೀತಮ್ಮ ಎದ್ದು ನಿಂತಿದ್ದರು. “ನಾನು ಬಾಯಿ ತೆಗ್ದಿಲ್ಲ,” ಎಂದು ನನಗೇ ಹೇಳಿದರು.

ಹಳೆಯ ಟೇಪಾದರೆ ಹಿಂದಿನ ರೆಕಾರ್ಡಿಂಗ್ ಪೂರ್ತಿ ಅಳಿಯದೆ ಉಳಿಯುವುದುಂಟು. ಆದರೆ ಇದು ಆಗಷ್ಟೇ ನಾನೇ ಸೀಲು ಒಡೆದು ತೆಗೆದ ಹೊಸ ಸ್ಪೂಲ್. ಅದನ್ನು ಬದಲಿಸಿ ಮತ್ತೊಂದು ಹಾಕಿದೆ. ಈ ಸಲ ಸೀತಮ್ಮನ ತುಟಿಯಿಂದ ಕಣ್ಣು ಕೀಳಲಿಲ್ಲ. ಆಕೆ ಸೆರಗಿನಿಂದ ಬಾಯಿ ಒತ್ತಿ ಹಿಡಿದಿದ್ದರು. ಈರಪ್ಪ ಅದೇ ಹಾಡನ್ನು ಮತ್ತೆ ಹಾಡಿ, ರೆಕಾರ್ಡಿನ ಕೊನೆಗೆಂದು ಇಟ್ಟುಕೊಂಡಿದ್ದ ಹಾಡನ್ನೂ ತಡೆಯಲಾರದೆ ಹಾಡಿಬಿಟ್ಟರು.

ಟೇಪ್ ಹಾಕಿದೆ. ದನಿ ಇತ್ತು. ಉತ್ತರ ಮಾತ್ರ ಬೇರೆ: “ಒರೆಸ್ಕೊಂಡು ನೋಡು, ಇಲ್ಲೇ ಇದ್ದೀನಿ.” ಕೊನೆಯ ಹಾಡಿನಲ್ಲಿ ಈರಪ್ಪ ತಮಾಷೆಗೆ ಕೇಳಿದ್ದರು: “ನಾ ಸತ್ತ ದಿನ ನೀ ಅಳ್ತೀಯೋ, ನಗ್ತೀಯೋ?” ಟೇಪಿನೊಳಗಿನ ದನಿ ಮೆಲ್ಲಗೆ ಹೇಳಿತು: “ಅಳೋದೆಲ್ಲ ಆಗ್ಲೇ ಅತ್ತು ಮುಗಿಸೀನಿ.”

ಸೀತಮ್ಮ ಬಂದು ಯಂತ್ರದ ಮುಂದೆ ಕೂತರು.

“ಇವೆಲ್ಲ ನಾನು ಮನಸ್ಸಲ್ಲಿ ಅಂದ್ಕೊಂಡಿದ್ದು. ಇದಕ್ಕೆ ಹೆಂಗೆ ಗೊತ್ತಾಯ್ತು? ಅಳಿಸಿ ಸಾರ್.”

“ಇದರ ಮೇಲೆ ಇನ್ನೊಂದು ಸಲ ರೆಕಾರ್ಡ್ ಮಾಡಿದರೆ ಹಳೆಯದು ಅಳಿಯುತ್ತದೆ ಅಮ್ಮ.”

“ಹಂಗಾದ್ರೆ ನಾನೇ ಹಾಡ್ತೀನಿ. ಇದು ಕದ್ದು ಕೇಳಿಸ್ಕೊಳ್ಳೋದಕ್ಕಿಂತ ಅದೇ ವಾಸಿ.”

ಎರಡೂ ಸ್ಪೂಲುಗಳ ಮೇಲೆ ಹೊಸದಾಗಿ ರೆಕಾರ್ಡ್ ಮಾಡಿದೆ. ಪ್ರತಿ ಸಾಲಿಗೂ ಆಕೆ ಬಾಯಿಬಿಟ್ಟು ಉತ್ತರ ಕೊಟ್ಟರು. ಚುರುಕು ಉತ್ತರಗಳು, ಈರಪ್ಪನಿಗೆ ಎರಡು ಬಾರಿ ನಗು ಬಂದು ಹಾಡು ತಪ್ಪಿತು. ಕೊನೆಯ ಪ್ರಶ್ನೆಗೆ ಮಾತ್ರ ಆಕೆ ಗಂಡನ ಮುಖವನ್ನೇ ನೋಡುತ್ತ ಸುಮ್ಮನಿದ್ದರು. ನಾನು ಯಂತ್ರ ನಿಲ್ಲಿಸಲಿಲ್ಲ. ಆಮೇಲೆ ಕೇಳಿದಾಗ ಆ ಜಾಗದಲ್ಲಿ ಯಾವ ದನಿಯೂ ಇರಲಿಲ್ಲ.

ಇಳಿಯುವಾಗ ಸೀತಮ್ಮ ಮುಂದಿದ್ದರು. ತಿರುಗಿ ನೋಡದೆಯೇ, “ಪಾಚಿ ಕಟ್ಟಿದೆ, ಮೆಲ್ಲಗೆ ಬನ್ನಿ,” ಎಂದರು. ಹೇಳಿದ್ದು ನನಗಲ್ಲ. ಈರಪ್ಪ “ಹ್ಞೂಂ” ಎಂದವರು ಆಮೇಲೆ ಬಹಳ ದೂರ ಕಣ್ಣೊರೆಸಿಕೊಳ್ಳುತ್ತಲೇ ನಡೆದರು.

ಆ ಮೌನವನ್ನು ಕತ್ತರಿಸಿ ತೆಗೆಯಬೇಕೆಂದು ಮದರಾಸಿನಲ್ಲಿ ಮೇಲಿನವರು ಪಟ್ಟು ಹಿಡಿದರು. ನಾನು ಒಪ್ಪಲಿಲ್ಲ. ರೆಕಾರ್ಡು ಹಾಗೆಯೇ ಹೊರಬಂತು.

ಟೇಪಿನಲ್ಲಿ ಆ ದನಿ ಹೇಗೆ ಬಂತೆಂಬುದು ಇಂದಿಗೂ ನನಗೆ ಗೊತ್ತಿಲ್ಲ. ಹಾಡುವವರ ಒಪ್ಪಿಗೆಯೊಂದಿದ್ದರೆ ಸಾಕೆಂದು ಅಲ್ಲಿಯವರೆಗೆ ತಿಳಿದಿದ್ದೆ. ಆ ಮಧ್ಯಾಹ್ನದ ನಂತರ, ನಿವೃತ್ತನಾಗುವವರೆಗೂ, ಯಂತ್ರ ಚಾಲೂ ಮಾಡುವ ಮೊದಲು ಮೂಲೆಯಲ್ಲಿ ಸುಮ್ಮನೆ ಕೂತವರನ್ನೂ ಕೇಳುತ್ತಿದ್ದೆ: “ಶುರು ಮಾಡಲೇ?”