ಭಾವ ಯಂತ್ರದ ಹಲ್ಲು ಎಣಿಸಿದ್ದು

ನನ್ನ ಅಕ್ಕ ಐದು ವರ್ಷ ಎಮ್ಮೆ ಹಾಲು ಮಾರಿ, ಹುಣಸೆಹಣ್ಣು ಕುಟ್ಟಿ ಮಾರಿ, ಅಂಚೆ ಕಚೇರಿಯಲ್ಲಿ ತನ್ನ ಹೆಸರಿಗೆ ಒಂದಿಷ್ಟು ದುಡ್ಡು ಇಟ್ಟಿದ್ದಳು. ಅದು ಅವಳ ಎರಡು ಮೊಣಕಾಲುಗಳ ದುಡ್ಡು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಎಮ್ಮೆ ಕರೆಯಲು ಹಳೆಯ ಎಣ್ಣೆ ಡಬ್ಬದ ಮೇಲೆ ಕೂರುತ್ತಿದ್ದಳು. ಚಿತ್ರದುರ್ಗದ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಆಪರೇಷನ್ ಇನ್ನು ಮುಂದಕ್ಕೆ ಹಾಕಬೇಡಿ, ಸುಗ್ಗಿ ಮುಗಿದ ತಕ್ಷಣ ಬನ್ನಿ ಎಂದಿದ್ದರು. ಸುಗ್ಗಿಗೆ ಇನ್ನೂ ಎರಡು ತಿಂಗಳಿತ್ತು. ಆ ಎರಡು ತಿಂಗಳಲ್ಲೇ ಭಾವನ ಮೊಬೈಲಿಗೆ ಆ ವಿಡಿಯೋ ಬಂತು.

ಭಾವ ಎಂದರೆ ಅಕ್ಕನ ಗಂಡ. ಬಿ.ದುರ್ಗದಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾರೆ. ದುರಾಸೆಯ ಮನುಷ್ಯನಲ್ಲ. ಅವರ ಕಷ್ಟವೆಲ್ಲ ಕರೆಂಟಿನದು. ತ್ರೀ ಫೇಸ್ ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ ದೇವರಿಗೂ ತಿಳಿಯದು. ಹೆಂಗಸರು ರಾಗಿ ಡಬ್ಬಗಳನ್ನು ಸಾಲಾಗಿ ಇಟ್ಟು, ಕೂಲಿಗೆ ಹೋಗಿ, ಸಂಜೆ ಬಂದು ನೋಡಿದರೆ ಡಬ್ಬಗಳು ಇಟ್ಟ ಹಾಗೇ ಇರುತ್ತಿದ್ದವು. "ಏನಣ್ಣ, ಮುದ್ದೆಗೆ ಇವತ್ತೂ ಹಿಟ್ಟಿಲ್ವಾ" ಎಂದು ಅವರು ಕೇಳುವಾಗ ಭಾವನ ಮುಖ ಸಪ್ಪಗಾಗುತ್ತಿತ್ತು. ಅಂಥವರಿಗೆ ಯಾರೋ ಒಬ್ಬ ವಿಡಿಯೋದಲ್ಲಿ, ಒಂದು ಸಲ ತಳ್ಳಿ ಬಿಟ್ಟರೆ ತನ್ನ ಕರೆಂಟನ್ನು ತಾನೇ ಹುಟ್ಟಿಸಿಕೊಂಡು, ಉಳಿದದ್ದರಲ್ಲಿ ನಿಮ್ಮ ಗಿರಣಿಯನ್ನೂ ಓಡಿಸುವ ಯಂತ್ರ ಎಂದು ತೋರಿಸಿದರೆ ನಿದ್ದೆ ಹೇಗೆ ಬಂದೀತು? ಡೀಸೆಲ್ ಬೇಡ, ಬಿಸಿಲು ಬೇಡ, ಬಿಲ್ಲಂತೂ ಬೇಡವೇ ಬೇಡ. ಹಿರಿಯೂರಿನಲ್ಲಿ ಶೆಡ್ ಹಾಕಿದ್ದಾರೆ, ಬಂದು ಕಣ್ಣಾರೆ ನೋಡಿ ಎಂದು ಆ ವಿಡಿಯೋ ಕರೆಯುತ್ತಿತ್ತು.

ನಾನು ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಶಕ್ತಿಯನ್ನು ಸೃಷ್ಟಿಸಲಾಗದು ಎಂದು ಇಪ್ಪತ್ತೆರಡು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಭಾವನಿಗೂ ಅವರ ಭಾಷೆಯಲ್ಲೇ ಹೇಳಿದೆ.

"ಭಾವ, ನಿಮ್ಮ ಗಿರಣಿಗೆ ಹತ್ತು ಸೇರು ರಾಗಿ ಸುರಿದ್ರೆ ಹದಿನೈದು ಸೇರು ಹಿಟ್ಟು ಬರ್ತದಾ?"

"ಹಿಟ್ಟು ಬರಲ್ಲ ಮೇಷ್ಟ್ರೆ. ಆದ್ರೆ ಒಂದು ಸೇರು ಅಕ್ಕಿ ಇಟ್ರೆ ಮೂರು ಸೇರು ಅನ್ನ ಆಗಲ್ವಾ?"

"ಅದಕ್ಕೆ ನೀರು ಹಾಕ್ತೀವಿ ಭಾವ."

"ಇದಕ್ಕೂ ಏನೋ ಹಾಕಿರ್ತಾನೆ ಬಿಡ್ರಿ."

ಜಗಲಿಯಲ್ಲಿ ಹುಣಸೆ ಕುಟ್ಟುತ್ತಿದ್ದ ಅಕ್ಕ ನಕ್ಕಳು. ನನಗೂ ನಗು ಬಂತು. ಮಾತಿನಲ್ಲಿ ಭಾವನನ್ನು ಗೆದ್ದವರಿಲ್ಲ. ಆದರೆ ದುಡ್ಡು ಅಕ್ಕನದು, ಅವಳ ಸಹಿ ಇಲ್ಲದೆ ಹೊರಗೆ ಬರುವಂತಿಲ್ಲ ಎಂಬ ಧೈರ್ಯವಿತ್ತು. ಜೊತೆಗೆ ಇನ್ನೊಂದು ಉಪಾಯವೂ ಹೊಳೆಯಿತು. ಭಾವ ನಮ್ಮ ಕಡೆಗೆಲ್ಲ ಹೆಸರಾದ ಎತ್ತಿನ ಪರೀಕ್ಷಕರು. ತಾಳ್ಯದಿಂದ ಬಬ್ಬೂರಿನವರೆಗೆ ಯಾರೇ ಜೋಡಿ ಕೊಳ್ಳುವುದಿದ್ದರೂ ಇವರನ್ನು ಕರೆದುಕೊಂಡು ಹೋಗುತ್ತಾರೆ. ಹಲ್ಲು ಎಣಿಸಿ, ಸುಳಿ ನೋಡಿ, ಗಾಲಿ ತಿರುಗದಂತೆ ಕಟ್ಟಿದ ಗಾಡಿಗೆ ಹೂಡಿ ದಿಬ್ಬ ಹತ್ತಿಸಿದ ಮೇಲೆಯೇ ಇವರ ಬಾಯಿಂದ ಹೂಂ ಬರುವುದು.

"ಒಂದು ಎತ್ತಿಗೆ ಇಷ್ಟು ನೋಡೋರು, ಇದನ್ನ ನೋಡ್ದೆ ತಗಂತೀರಾ?" ಎಂದೆ.

ಅದು ನಾಟಿತು. "ದಿಟ. ನೋಡ್ದೆ ತಗಳ್ಳದು ತಪ್ಪು. ನಡೀರಿ, ಹೋಗಾಣ" ಎಂದರು.

ನಾನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಯಂತ್ರವನ್ನು ನೆಲದಿಂದ ಎತ್ತಿ ನಾಲ್ಕು ಇಟ್ಟಿಗೆ ಮೇಲೆ ಇಡಬೇಕು, ಕೆಳಗಿನಿಂದ ವೈರು ಬಂದಿಲ್ಲವೆಂದು ಖಾತ್ರಿಯಾಗಬೇಕು. ಮುಚ್ಚಳ ತೆಗೆಯಬೇಕು. ಬಲ್ಬಿಗಿಂತ ಹೆಚ್ಚು ಕರೆಂಟ್ ಎಳೆಯುವ, ನಾವೇ ತಂದ ಹೀಟರನ್ನು ಹಾಕಬೇಕು. ನಮ್ಮದೇ ಬೀಗ ಹಾಕಿ ಎರಡು ದಿನ ನಿಲ್ಲಿಸದೆ ಓಡಿಸಬೇಕು. ಒಂದು ಗಂಟೆ ಉರಿದ ಬಲ್ಬು ಏನನ್ನೂ ಹೇಳುವುದಿಲ್ಲ, ಬ್ಯಾಟರಿಯೂ ಒಂದು ಗಂಟೆ ಉರಿಸುತ್ತದೆ. ಪರಿಚಯದ ಎಲೆಕ್ಟ್ರಿಷಿಯನ್ ಹತ್ತಿರ ವೈರಿಗೆ ತಗುಲಿ ಹಾಕಿ ಕರೆಂಟ್ ಅಳೆಯುವ ಮೀಟರ್ ಒಂದನ್ನು ಇಸಿದುಕೊಂಡೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಾಗ, ನಿಜ ಹೇಳುತ್ತೇನೆ, ನನಗೆ ಜಂಬವಿತ್ತು.

ಶೆಡ್ಡಿನಲ್ಲಿ ಬಿಳಿ ಅಂಗಿಯ ಮಾರಾಟಗಾರ ಕೈಮುಗಿದು ಬರಮಾಡಿಕೊಂಡ. ಬೆಂಗಳೂರಿನ ಮಾತು, ಮೆದು ದನಿ. ಹಸಿರು ಬಣ್ಣ ಬಳಿದ ಯಂತ್ರಕ್ಕೆ ಕುಂಕುಮ ಹಚ್ಚಿ ಹೂವಿಟ್ಟಿದ್ದ. ಒಂದು ಮೋಟರು, ಒಂದು ದೊಡ್ಡ ಹಲ್ಲಿನ ಕಬ್ಬಿಣದ ಚಕ್ರ, ಬೆಲ್ಟಿನ ಆ ಕಡೆ ಕರೆಂಟ್ ಹುಟ್ಟಿಸುವ ಭಾಗ, ಅದರ ಕೆಳಗೆ ಬೋಲ್ಟು ಬಿಗಿದ ತಗಡಿನ ಪೆಟ್ಟಿಗೆ. ಹೊರಗಿನ ಬ್ಯಾಟರಿಯಿಂದ ಶುರು ಮಾಡಿ, ಚಕ್ರ ತಿರುಗಿದ ಮೇಲೆ ಆ ಬ್ಯಾಟರಿಯನ್ನು ಕಳಚಿ ಕೈಯಲ್ಲಿ ಎತ್ತಿ ತೋರಿಸಿದ. ಗೋಡೆಯ ಮೇಲಿನ ಹತ್ತು ಬಲ್ಬುಗಳು ಉರಿಯುತ್ತಲೇ ಇದ್ದವು.

ಆಗ ಭಾವ ಪರೀಕ್ಷೆ ಶುರು ಮಾಡಿದರು. ಚಪ್ಪಲಿ ಬಿಟ್ಟು, ಟವೆಲ್ಲನ್ನು ಹೆಗಲಿಂದ ಇಳಿಸಿ, ಮೊದಲು ಯಂತ್ರವನ್ನು ಹಿಂದಿನಿಂದ ನೋಡಿದರು. ಆಮೇಲೆ ಪಕ್ಕದಿಂದ. ಮೋಟರಿನ ಬೆನ್ನ ಮೇಲೆ ಅಂಗೈ ಇಟ್ಟು ಸುಮಾರು ಹೊತ್ತು ನಿಂತರು. ಕಿವಿ ಕೊಟ್ಟು ಕೇಳಿದರು. ಮೂರು ಸಲ ನಿಲ್ಲಿಸಿದರು, ಮೂರು ಸಲ ಎಬ್ಬಿಸಿದರು. ನಿಂತಾಗ ಚಕ್ರದ ಹಲ್ಲುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ಎಣಿಸಿದರು. ನನ್ನ ಕಡೆ ತಿರುಗಿ, "ಉಸಿರು ಒಂದೇ ಸಮ ಐತೆ ಮೇಷ್ಟ್ರೆ, ಬೆದರು ಇಲ್ಲ, ಬೆವರೂ ಇಲ್ಲ" ಎಂದರು. ನಾನು ಹೇಳಿದ್ದೇನು, ಇವರು ಮಾಡುತ್ತಿರುವುದೇನು! ಆದರೆ ಅವರು ಮೋಸ ಮಾಡಿಕೊಳ್ಳುತ್ತಿರಲಿಲ್ಲ. ತಮಗೆ ಗೊತ್ತಿದ್ದ ಪರೀಕ್ಷೆಯನ್ನು ಒಂದೂ ಬಿಡದೆ, ಪ್ರಾಮಾಣಿಕವಾಗಿ ಮಾಡಿದರು. ಯಂತ್ರ ಎಲ್ಲದರಲ್ಲೂ ಪಾಸಾಯಿತು.

ನಾನು ಹಾಳೆ ತೆಗೆದೆ. ಮಾರಾಟಗಾರ ಪೂರ್ತಿ ಓದಿ, "ಬಹಳ ಚೆನ್ನಾಗಿ ಬರೆದಿದ್ದೀರಿ ಸರ್" ಎಂದು ಮಡಚಿ ವಾಪಸು ಕೊಟ್ಟ. ಮುಚ್ಚಳ ತೆಗೆದರೆ ಕಂಪನಿಯ ಗುಟ್ಟು ಹೊರಬೀಳುತ್ತದಂತೆ. ಎರಡು ದಿನದ ಪರೀಕ್ಷೆ ಮುಂಗಡ ಕೊಟ್ಟವರಿಗೆ ಮಾತ್ರವಂತೆ. "ಹೊರಗೆ ಬರೋ ಕರೆಂಟ್ ಬೇಕಾದ್ರೆ ಅಳೀರಿ ಸರ್, ನಾನು ಬೇಡ ಅನ್ನಲ್ಲ" ಎಂದ. ಬಗ್ಗಿ ಬಲ್ಬಿನ ವೈರಿಗೆ ಮೀಟರ್ ಹಾಕಿದೆ. ಕರೆಂಟ್ ಬರುತ್ತಿತ್ತು. ಬರುತ್ತಿದೆ ಎಂದು ಬಲ್ಬುಗಳೇ ಹೇಳುತ್ತಿದ್ದವು, ನನ್ನ ಮೀಟರ್ ಬೇಕಿರಲಿಲ್ಲ. ಅಷ್ಟರಲ್ಲಿ ಯಾರೋ ಮೊಬೈಲಿನಲ್ಲಿ ಫೋಟೋ ತೆಗೆದರು.

ಭಾವ ಟವೆಲ್ಲಿನ ಮರೆಯಲ್ಲಿ ಕೈ ಚಾಚಿದರು. ಸಂತೆಯಲ್ಲಿ ಎತ್ತಿನ ಬೆಲೆ ಬೆರಳು ಹಿಡಿದು ಗುಟ್ಟಾಗಿ ಹೇಳುವುದು ನಮ್ಮಲ್ಲಿ ರೂಢಿ. ಬೆಂಗಳೂರಿನವನಿಗೆ ಏನು ಗೊತ್ತು, ಟವೆಲ್ಲಿನೊಳಗೆ ಕೈ ತೂರಿಸಿ ಜೋರಾಗಿ ಕುಲುಕಿ, "ಕಂಗ್ರಾಟ್ಸ್ ಸರ್" ಎಂದ.

ನಾನು ಭಾವನನ್ನು ಹೊರಗೆ ಕರೆದುಕೊಂಡು ಹೋಗಿ ಸಿಟ್ಟಿನಲ್ಲೇ ಹೇಳಿದೆ. "ಮುಚ್ಚಳ ತೆಗೆಯಲ್ಲ ಅಂದ ಮೇಲೆ ಮುಗೀತು ಭಾವ. ಬಾಯಿ ಬಿಡಿಸಿ ಹಲ್ಲು ತೋರಿಸ್ದಿರೋ ಎತ್ತು ತಗಂತೀರಾ?"

ಭಾವ ಸಿಟ್ಟಾಗಲಿಲ್ಲ. ಸಾವಕಾಶವಾಗಿ, "ನಿಮ್ಮ ಮನೆ ಬೋರ್ ಪಾಯಿಂಟು ಯಾರು ನೋಡಿದ್ದು ಮೇಷ್ಟ್ರೆ?" ಎಂದರು.

ಹೊಳಲ್ಕೆರೆಯಲ್ಲಿ ನಾನು ಮನೆ ಕಟ್ಟಿಸುವಾಗ, ಬೋರ್‌ವೆಲ್ ಎಲ್ಲಿ ಕೊರೆಸಬೇಕೆಂದು ತೋರಿಸಲು ಅವ್ವ ಹೊಸದುರ್ಗದ ಕಡೆಯ ಹಿರಿಯರೊಬ್ಬರನ್ನು ಕರೆಸಿದ್ದಳು. ಅವರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಸೈಟಿನ ತುಂಬ ಓಡಾಡಿದರು. ಒಂದು ಮೂಲೆಯಲ್ಲಿ ಕಾಯಿ ಎದ್ದು ನಿಂತಿತು. ತರಗತಿಯಲ್ಲಿ ಇದನ್ನೆಲ್ಲ ನಂಬಬೇಡಿ ಎಂದು ಪಾಠ ಮಾಡುವ ನಾನು, ಅಂದು ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತಿದ್ದೆ. ಎಲೆ ಅಡಿಕೆ ದಕ್ಷಿಣೆ ಕೊಟ್ಟು ಕಾಲಿಗೆ ಬಿದ್ದೆ. ಅವ್ವನ ಸಮಾಧಾನಕ್ಕೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಸುಳ್ಳು. ನನಗೂ ಭಯವಿತ್ತು. ಅಲ್ಲೇ ಕೊರೆಸಿದೆ, ನೀರು ಬಂತು. ಬಂದದ್ದೇ ತಪ್ಪಾಯಿತು. ಬರದಿದ್ದರೆ ಇವತ್ತು ಭಾವನಿಗೆ ಹೇಳಲು ನನ್ನ ಹತ್ತಿರ ಒಂದು ಉತ್ತರ ಇರುತ್ತಿತ್ತು.

"ಅದು ಬೇರೆ ಭಾವ" ಎಂದೆ.

"ಎಲ್ರುದೂ ಬೇರೇನೇ" ಎಂದರು ಭಾವ.

ಬಸ್ಸಿನಲ್ಲಿ ಬರುವಾಗ ಅವಮಾನವಾಗಿತ್ತು. ಅವರ ದುಡ್ಡು, ಅವರ ಹಣೆಬರಹ, ಏನಾದರೂ ಮಾಡಿಕೊಳ್ಳಲಿ ಎಂದು ಮುಖ ಗಂಟಿಕ್ಕಿಕೊಂಡು ಕೂತೆ. ಅದು ಅವರ ದುಡ್ಡಲ್ಲ ಎಂಬುದು ಆಗ ನೆನಪಿಗೆ ಬರಲಿಲ್ಲ. ಸಂಜೆ ಅಕ್ಕನ ಫೋನ್ ಬಂತು.

"ಹೆಂಗಿತ್ತಪ್ಪ ಮಿಷನ್ನು? ಓಡ್ತಿತ್ತಾ?"

"ಓಡ್ತಿತ್ತು. ಭಾವನ್ನೇ ಕೇಳು" ಎಂದು ಇಟ್ಟುಬಿಟ್ಟೆ.

ನಾಳೆ ಹೋಗಿ ಕೂತು ಬಿಡಿಸಿ ಹೇಳಿದರಾಯಿತು ಎಂದುಕೊಂಡೆ. ಮರುದಿನ ಯೂನಿಟ್ ಟೆಸ್ಟ್ ಪೇಪರುಗಳು ಬಂದವು. ಅದರ ಮರುದಿನ ಇನ್ನೇನೋ. ಸಿಟ್ಟಿನಲ್ಲಿ ಮುಂದೂಡುವುದು ಎಷ್ಟು ಸುಲಭ! ವಾರದೊಳಗೆ ಹಸಿರು ಯಂತ್ರ ಟೆಂಪೋದಲ್ಲಿ ಬಿ.ದುರ್ಗಕ್ಕೆ ಬಂದಿಳಿಯಿತು.

ಮೊದಲ ಎರಡು ದಿನ ಬಲ್ಬು ಮಾತ್ರ ಉರಿಸಿ, ಯಂತ್ರ ಹೊಸ ಜಾಗಕ್ಕೆ ಹೊಂದಿಕೊಳ್ಳಲಿ ಎಂದು ಮಾರಾಟಗಾರ ಹೇಳಿದ್ದನಂತೆ. ಉರಿಸಿದರು. ಊರವರು ಬಂದು ನೋಡಿ ಹೋದರು. ಮೂರನೆಯ ದಿನ ಗಿರಣಿಗೆ ಜೋಡಿಸುವಾಗ ನನ್ನನ್ನೂ ಕರೆದರು, ಹೋದೆ. ಸಾಲಿನಲ್ಲಿ ಹನ್ನೊಂದು ಡಬ್ಬಗಳಿದ್ದವು. ಕಲ್ಲು ತಿರುಗಿತು, ಬೆಲ್ಟು ಕಿರುಚಿತು, ಮೊದಲನೆಯ ಡಬ್ಬದಲ್ಲಿ ಅರ್ಧ ಸೇರಿನಷ್ಟು ಹಿಟ್ಟು ಬಿತ್ತು. ಆಮೇಲೆ ಚಕ್ರ ನಿಧಾನವಾಯಿತು. ಭಾವ ಅದರ ಬೆನ್ನು ತಟ್ಟಿದರು, "ಏಳು, ಏಳು" ಎಂದರು. ನಿಂತೇ ಹೋಯಿತು. ಹೆಂಗಸರು ತಮ್ಮ ಡಬ್ಬಗಳನ್ನು ಎತ್ತಿಕೊಂಡರು.

ಮಾರಾಟಗಾರನ ಫೋನ್ ಸ್ವಿಚ್ ಆಫ್. ಹಿರಿಯೂರಿನ ಶೆಡ್ಡಿಗೆ ಹೋದರೆ ಬೀಗ. ಪೊಲೀಸರಿಗೆ ದೂರು ಕೊಟ್ಟೆವು, ಬರೆದುಕೊಂಡರು. ರಸೀದಿಯಲ್ಲಿ 'ಜನರೇಟರ್ ಒಂದು' ಎಂದಷ್ಟೇ ಇತ್ತು, ಜನರೇಟರ್ ಒಂದು ನಮ್ಮ ಹತ್ತಿರ ಇತ್ತು. ಆ ವಾರವೇ ತಾಳ್ಯದ ಗೆಳೆಯನೊಬ್ಬ ನನಗೆ ಒಂದು ಫೋಟೋ ಕಳಿಸಿದ. ನಾನು ಬಗ್ಗಿ ಮೀಟರ್ ಹಿಡಿದಿದ್ದೇನೆ, ಕೆಳಗೆ 'ವಿಜ್ಞಾನ ಶಿಕ್ಷಕರಿಂದ ಪರೀಕ್ಷೆ, ಯಶಸ್ವಿ' ಎಂದು ಬರೆದಿದೆ. ತಾಳ್ಯದಿಂದಾಚೆಯ ಎಷ್ಟು ಊರುಗಳಿಗೆ ಆ ಫೋಟೋ ಹೋಗಿದೆಯೋ ಗೊತ್ತಿಲ್ಲ. ತೆಗೆಸುವುದು ಹೇಗೆಂದೂ ತಿಳಿಯಲಿಲ್ಲ. ಸುಳ್ಳೆಂದು ನಾನೂ ಬರೆದು ನಾಲ್ಕು ಗುಂಪುಗಳಿಗೆ ಕಳಿಸಿದೆ. ಯಾರೋ ಒಬ್ಬರು ಕೈಮುಗಿದ ಚಿತ್ರ ಕಳಿಸಿದರು, ಅಷ್ಟೇ.

ಒಂದು ಭಾನುವಾರ ಸ್ಪ್ಯಾನರ್ ತೆಗೆದುಕೊಂಡು ಹೋಗಿ ತಗಡಿನ ಪೆಟ್ಟಿಗೆ ಬಿಚ್ಚಿದೆ. ಒಳಗೆ ಆರು ಹಳೆಯ ಬ್ಯಾಟರಿಗಳಿದ್ದವು. ಭಾವ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡಿದರು. ಏನೋ ಹಾಕಿರುತ್ತಾನೆ ಎಂದಿದ್ದಿರಲ್ಲ, ನೋಡಿ ಎಂದು ಹೇಳಬಹುದಿತ್ತು, ಬಿಚ್ಚಿದ ಬೋಲ್ಟುಗಳನ್ನು ಆರಿಸತೊಡಗಿದೆ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು ಎದ್ದು ಕೊಟ್ಟಿಗೆಯ ಕಡೆ ಹೋದರು. ಆಮೇಲೆ ಅವರು ಯಾರ ಎತ್ತು ನೋಡಲೂ ಹೋಗಿಲ್ಲ.

ಒಳಗೆ ಅಕ್ಕ ಗೋಡೆಗೆ ಒರಗಿ ಕಾಲು ಚಾಚಿ ಕೂತು ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಸುಗ್ಗಿ ಮುಗಿದಿತ್ತು. ಸಾಲ ಮಾಡಿಯಾದರೂ ಆಪರೇಷನ್ ಮಾಡಿಸೋಣ, ನಾನು ಕೊಡುತ್ತೇನೆ ಎಂದೆ. ಬೇಡವೆಂದು ತಲೆಯಾಡಿಸಿದಳು. ನಿನ್ನ ಮಗಳ ಓದು ಇದೆ, ಇನ್ನೈದು ವರ್ಷ ಎಮ್ಮೆ ಕರೆದರೆ ಆಯಿತು ಎಂದಳು. ನನಗೆ ತಡೆಯಲಾಗದೆ ಭಾವನ ಮೇಲೆ ಹರಿಹಾಯ್ದೆ. ಎಷ್ಟು ಹೇಳಿದರೂ ಕೇಳದ ಮನುಷ್ಯ, ಹೆಂಡತಿಯ ಕಾಲು ಮುರಿದು ಗಿರಣಿ ಕಟ್ಟಲು ಹೋದ ಎಂದು ಬಾಯಿಗೆ ಬಂದದ್ದು ಅಂದೆ. ಅಕ್ಕ ಎಣ್ಣೆಯ ಕೈ ಎತ್ತಿ ನನ್ನನ್ನು ತಡೆದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಅವ್ರನ್ನ ಬೈಬ್ಯಾಡ ಕಣಪ್ಪ. ಅವ್ರು ಹದಿನೈದು ದಿನ ಕೇಳಿದ್ರೂ ನಾನು ಸೈನ್ ಹಾಕಿರ್ಲಿಲ್ಲ. ಓಡ್ತಿತ್ತು ಅಂತ ನೀನು ಹೇಳ್ದೆ ನೋಡು, ಮಾರನೆ ದಿನ ಹೋಗಿ ಹಾಕ್ದೆ."