ಶೀನನ ಗೋಣಿಚೀಲ

ಮೊನ್ನೆ ಸಂಜೆ ಕೆಲಸ ಮುಗಿಸಿ ಬಂದು ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಹತ್ತಿದೆ. ಒಳಗೆ ಯಾರೂ ಇರಲಿಲ್ಲ, ಒಂದು ವಾಸನೆ ಮಾತ್ರ ನಿಂತಿತ್ತು. ಗೋಣಿಚೀಲದ ವಾಸನೆ. ಅದೂ ಬರೀ ಗೋಣಿಯದಲ್ಲ, ಈರುಳ್ಳಿ ತುಂಬಿಕೊಂಡು ಲಾರಿಯ ಮೇಲೆ ನಾಲ್ಕು ದಿನ ಬಿಸಿಲು ಕುಡಿದು ಬಂದ ಗೋಣಿಯದು. ಮೂರನೇ ಮಹಡಿಯ ಪಂಕಜಮ್ಮನವರು ಮೊಮ್ಮಗಳ ನಾಮಕರಣದ ಅಡುಗೆಗೆಂದು ಒಂದು ಮೂಟೆ ಈರುಳ್ಳಿ ತರಿಸಿದ್ದರಂತೆ. ನಾನು ಇಳಿಯಬೇಕಾದದ್ದು ನಾಲ್ಕನೆಯದರಲ್ಲಿ. ಬಾಗಿಲು ತೆರೆಯಿತು, ಮುಚ್ಚಿತು, ನಾನು ಇಳಿಯಲಿಲ್ಲ. ಕೆಳಗೆ ಹೋಗಿ ಮತ್ತೆ ಮೇಲೆ ಬಂದೆ. ಐವತ್ತು ದಾಟಿದ ಹೆಂಗಸೊಬ್ಬಳು ಮೂಗು ಅರಳಿಸಿಕೊಂಡು ಲಿಫ್ಟಿನಲ್ಲಿ ಸುಮ್ಮನೆ ಓಡಾಡುವುದನ್ನು ಕ್ಯಾಮೆರಾದಲ್ಲಿ ನೋಡಿದ ಸೆಕ್ಯೂರಿಟಿಯವರು ಏನೆಂದುಕೊಂಡರೋ. ನೀವು ಜೊತೆಗಿದ್ದಿದ್ದರೆ ಕಾರಣವನ್ನು ಅಲ್ಲೇ ಹೇಳಿಬಿಡುತ್ತಿದ್ದೆ. ಇರಲಿಲ್ಲವಾದ್ದರಿಂದ ಈಗ ಹೇಳುತ್ತಿದ್ದೇನೆ.

ಐದಾರು ವರ್ಷದ ಹಿಂದಿನ ಮಾತು. ಕಾಲೇಜೊಂದರ ಲೈಬ್ರರಿಯಲ್ಲಿ ಪುಸ್ತಕಗಳಿಗೆ ನಂಬರು ಅಂಟಿಸಿಕೊಂಡಿರುವ ನನಗೆ ನಾಯಿಗಳೆಂದರೆ ಭಯ. ಈಗಲೂ ಪೂರ್ತಿ ಹೋಗಿಲ್ಲ. ಯಲಹಂಕದ ಆಚೆ, ಪುಟ್ಟೇನಹಳ್ಳಿ ಕೆರೆಗೆ ಸ್ವಲ್ಪ ದೂರದಲ್ಲಿ, ನನ್ನ ಹಳೆಯ ಸಹಪಾಠಿ ಸವಿತಾ ಬೀದಿನಾಯಿಗಳ ಆಶ್ರಮವೊಂದನ್ನು ನೋಡಿಕೊಳ್ಳುತ್ತಿದ್ದಳು. "ಭಾನುವಾರ ಮನೇಲಿ ಕೂತ್ಕೊಂಡು ಏನ್ ಮಾಡ್ತೀಯಾ? ಬಂದು ರಿಜಿಸ್ಟರ್ ಆದ್ರೂ ಬರಿ" ಅಂದಳು. ರಿಜಿಸ್ಟರ್ ಕಚ್ಚುವುದಿಲ್ಲವಲ್ಲ ಎಂದು ಒಪ್ಪಿದೆ.

ಆ ರಿಜಿಸ್ಟರಿನಲ್ಲಿ ಒಂದು ಪುಟ ಮಾತ್ರ ತಿಂಗಳು ತಿಂಗಳು ಹಾಗೇ ಉಳಿಯುತ್ತಿತ್ತು. ಹೆಸರು: ಆಸ್ಕರ್. ವಯಸ್ಸು: ಹತ್ತರ ಮೇಲೆ. ಮೂತಿಯೆಲ್ಲ ನರೆತ ಕಂದು ನಾಯಿ. ಯಶವಂತಪುರದ ಮಾರ್ಕೆಟ್ ಯಾರ್ಡಿನಿಂದ ವ್ಯಾನಿನಲ್ಲಿ ಬಂದಿತ್ತು. ಒಂದು ಹರಕು ಗೋಣಿಚೀಲದ ಮೂಲೆಯನ್ನು ಕಚ್ಚಿ ಹಿಡಿದಿತ್ತಂತೆ, ಬಿಡಿಸಲಾಗದೆ ಚೀಲದ ಸಮೇತ ತಂದಿದ್ದರು. ಆಸ್ಕರ್ ಎಂದು ಹೆಸರಿಟ್ಟವಳು ಸವಿತಾ. ಎಷ್ಟು ಕೂಗಿದರೂ ಅದು ತಿರುಗಿ ನೋಡುತ್ತಿರಲಿಲ್ಲ. 'ಕಿವಿ ಮಂದವಿರಬಹುದು' ಎಂದು ನಾನೇ ನನ್ನ ದುಂಡು ಅಕ್ಷರದಲ್ಲಿ ಬರೆದಿದ್ದೆ. ಕಿವಿ ಮಂದವಾದ ನಾಯಿ ಎರಡು ಕೋಣೆ ಆಚೆ ಕುಕ್ಕರ್ ಕೂಗಿದರೆ ನಡುಗುವುದೇಕೆ ಎಂದು ನನಗೆ ಹೊಳೆಯಲಿಲ್ಲ. ಕುಕ್ಕರ್ ಒಂದೇ ಅಲ್ಲ, ಬಿಚ್ಚುವ ಕೊಡೆ, ಗಾಳಿಗೆ ಹಾರುವ ಪ್ಲಾಸ್ಟಿಕ್ ಕವರು, ಕೆಳಗೆ ಬಿದ್ದ ಸ್ಟೀಲ್ ಲೋಟ, ಎಲ್ಲಕ್ಕೂ ಅದು ಹೆದರುತ್ತಿತ್ತು. ಹೆದರಿದಾಗ ಗೋಣಿಯ ಮೇಲೆ ಮುದುರಿ ಮೂಗನ್ನು ಅದರ ಮಡಿಕೆಯೊಳಗೆ ತೂರಿಸುತ್ತಿತ್ತು. ನನಗಿಂತ ಅಂಜುಬುರುಕ ಪ್ರಾಣಿಯೊಂದನ್ನು ಮೊದಲ ಬಾರಿ ನೋಡಿದ್ದರಿಂದಲೋ ಏನೋ, ಅದರ ಪಕ್ಕದಲ್ಲಿ ಕೂರಲು ನನಗೆ ಭಯವಾಗುತ್ತಿರಲಿಲ್ಲ.

ನಾಯಿ ಸಾಕಲು ಬರುವವರು ಮರಿ ಕೇಳುತ್ತಾರೆ. ಇದನ್ನು ತೋರಿಸಿದರೆ ಒಬ್ಬರು, "ಮೇಡಂ, ಇದು ರಿಟೈರ್ ಆಗಿರೋ ಪೀಸು, ಪೆನ್ಶನ್ ಯಾರು ಕೊಡ್ತಾರೆ?" ಎಂದು ನಕ್ಕು ಹೋದರು. ಆ ಮಳೆಗಾಲದ ಹೊತ್ತಿಗೆ ಆಶ್ರಮದಲ್ಲಿ ಜಾಗ ಸಾಲದಾಗಿ, ಹಳೆಯ ನಾಯಿಗಳನ್ನು ಊರಾಚೆಯ ಇನ್ನೊಂದು ದೊಡ್ಡ ಶೆಡ್ಡಿಗೆ ಕಳಿಸುವ ಮಾತು ಬಂತು. ಅಲ್ಲಿ ನೂರಾರು ನಾಯಿಗಳು, ಹಗಲೆಲ್ಲ ಗದ್ದಲ. "ಅಲ್ಲಿಗೆ ಹೋದ್ರೆ ಇವ್ನು ಒಂದು ವಾರ ಉಳಿಯಲ್ಲ ಕಣೇ" ಎಂದಳು ಸವಿತಾ. ಸಾಮಾನ್ಯವಾಗಿ ಅವಳು ಹಾಗೆಲ್ಲ ಹೇಳುವವಳಲ್ಲ.

ಅಷ್ಟರಲ್ಲಿ ಮತ್ತಿಕೆರೆಯ ಗಂಡ ಹೆಂಡತಿ ಇಬ್ಬರು ಫೋಟೋ ನೋಡಿ, "ಕರ್ಕೊಂಡು ಬನ್ನಿ, ನೋಡೋಣ" ಎಂದರು. ಆಗ ನಾನು ಮಾಡಿದ್ದನ್ನು ಕೇಳಿ. ಹೆಣ್ಣು ನೋಡಲು ಬರುತ್ತಾರೆಂದರೆ ನಮ್ಮ ಮನೆಗಳಲ್ಲಿ ಏನೇನು ಮಾಡುತ್ತೇವೋ ಅದನ್ನೆಲ್ಲ ಮಾಡಿದೆ. ಮಲ್ಲಿಗೆ ವಾಸನೆಯ ಶಾಂಪೂ ಹಾಕಿ ಎರಡು ಸಲ ಮೀಯಿಸಿದೆ. ಹೊಸ ಕೆಂಪು ಕಾಲರ್ ತಂದೆ. ಬಿಗಿಯಾಗಿ ಕಂಡರೆ ಪಾಪ ಅನ್ನಿಸೀತೆಂದು ಒಂದು ತೂತು ಸಡಿಲ ಮಾಡಿದೆ. ಗೋಣಿಯನ್ನು ಮಡಚಿ ಸವಿತಾಳ ಕೈಗೆ ಕೊಟ್ಟೆ.

"ಇದನ್ನ ತಗೊಂಡು ಹೋಗೇ. ಇದಿಲ್ದೆ ಮಲಗಲ್ಲ ಅವ್ನು" ಎಂದಳು.

"ಹೊಸ ಮನೆಗೆ ಹರಕು ಗೋಣಿ ಹೊತ್ಕೊಂಡು ಹೋಗ್ಬೇಕಾ? ಏನಂದ್ಕೋತಾರೆ?" ಎಂದೆ.

ಏನಂದುಕೊಳ್ಳುತ್ತಾರೆ ಎಂಬ ಈ ಮಾತಿನಿಂದ ನಾನು ಜೀವನದಲ್ಲಿ ಕಳೆದುಕೊಂಡದ್ದರ ಪಟ್ಟಿ ಉದ್ದವಿದೆ. ಅದು ಇಲ್ಲಿ ಬೇಡ.

ಆಟೋದಲ್ಲಿ ಹೆಬ್ಬಾಳ ದಾಟುವವರೆಗೂ ನಾಯಿ ನನ್ನ ಕಾಲ ಬಳಿ ಕಲ್ಲಿನಂತೆ ಕೂತಿತ್ತು. ಯಶವಂತಪುರದ ಮಾರ್ಕೆಟ್ ಹತ್ತಿರ ಎಂದಿನಂತೆ ಟ್ರಾಫಿಕ್ ನಿಂತಿತು. ಗಾಳಿ ಆ ಕಡೆಯಿಂದ ಬೀಸಿ ಈರುಳ್ಳಿ, ಆಲೂಗಡ್ಡೆ, ಗೋಣಿ, ಡೀಸೆಲ್ ಎಲ್ಲ ಒಟ್ಟಿಗೆ ಬಂತು. ನಾಯಿ ತಲೆ ಎತ್ತಿತು. ಅದರ ಬಾಲ ಅಲ್ಲಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ನೋಡಿ, ಖುಷಿಯಾಗಿದೆ ಇವ್ನಿಗೆ" ಎಂದು ಆಟೋದವನಿಗೆ ತೋರಿಸಿ ನಾನು ನಗುತ್ತಿದ್ದ ಹಾಗೇ ಅದು ಹಿಂದಕ್ಕೆ ಜಗ್ಗಿ ತಲೆಯನ್ನು ಕಾಲರಿನಿಂದ ಎಳೆದುಕೊಂಡು ಕೆಳಗೆ ಹಾರಿತು. ನನ್ನ ಕೈಯಲ್ಲಿ ಹಗ್ಗ ಮತ್ತು ಖಾಲಿ ಕೆಂಪು ಕಾಲರ್ ಉಳಿದವು.

ಮುಂದಿನ ಮೂರು ನಿಮಿಷ ನನ್ನೊಳಗೆ ಇನ್ನೂ ನಡೆಯುತ್ತಲೇ ಇದೆ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಎಲ್ಲೋ ಲಾರಿಯೊಂದು ರಿವರ್ಸ್ ಬರುತ್ತಾ ತನ್ನ ಕೀರಲು ಸಂಗೀತ ಶುರುಮಾಡಿದರೆ ಸಾಕು, ನಾನು ಮತ್ತೆ ಅಲ್ಲಿರುತ್ತೇನೆ. ಯಾರ್ಡಿನೊಳಗೆ ಓಡುತ್ತಿದ್ದೇನೆ. ಎರಡೂ ಕಡೆ ಲಾರಿಗಳು, ಮೂಟೆ ಹೊತ್ತವರು, ಕಾಲ ಕೆಳಗೆ ಜಾರುವ ಈರುಳ್ಳಿ ಸಿಪ್ಪೆ. ನಾಯಿ ದಾರಿ ಗೊತ್ತಿದ್ದಂತೆ ಕಟ್ಟೆಯೊಂದರ ಮೂಲೆಗೆ ನುಗ್ಗುತ್ತಿದೆ. ಅದೇ ಮೂಲೆಗೆ ಲಾರಿಯೊಂದು ಹಿಂದಕ್ಕೆ ಬರುತ್ತಿದೆ. ಸಂಗೀತ ಕೇಳಿದ್ದೇ ತಡ, ನಾಯಿ ಹಿಂದಿನ ಚಕ್ರದ ಹತ್ತಿರ ನೆಲಕ್ಕೆ ಅಂಟಿಕೊಂಡು ಮಲಗಿಬಿಟ್ಟಿತು.

ಕಟ್ಟೆಯ ಮೇಲೆ ಹರಿದ ಚೀಲ ಹೊಲಿಯುತ್ತಿದ್ದವರೊಬ್ಬರು ದಬ್ಬಣ ಬಿಸಾಕಿ, "ಅರೆ, ಶೀನಾ" ಎಂದು ಕೆಳಗೆ ಧುಮುಕಿದರು. ನಾಯಿ ಕಿವಿ ನಿಮಿರಿಸಿತು, ಆದರೆ ಏಳಲಿಲ್ಲ. ಅವರು ಬಗ್ಗಿ ಲಾರಿಯ ಅಡಿಗೆ ತೂರಿಕೊಂಡರು. ಲಾರಿ ಒಂದು ಕ್ಷಣ ನಿಂತಿತ್ತು. ನಾನು ಅದರ ಪಕ್ಕದಲ್ಲಿದ್ದೆ. ಡ್ರೈವರ್‌ಗೆ ಕೂಗಿ ಹೇಳಬೇಕಾದವಳು ನಾನು. ಬಾಯಿ ತೆರೆದೆ. ದನಿ ಬರಲಿಲ್ಲ. ದನಿ ಬರಲಿಲ್ಲವೆಂದು ಎರಡೂ ಕೈಯಿಂದ ಲಾರಿಯ ಮೈಯನ್ನು ದಬದಬನೆ ಬಡಿದೆ.

ಲಾರಿ ಹಿಂದಕ್ಕೆ ಚಲಿಸಿತು.

ಇನ್ನಷ್ಟು ಜೋರಾಗಿ ಬಡಿದೆ. ಇನ್ನಷ್ಟು ಬಂತು.

"ಹೋಲ್ಡಾನ್" ಎಂಬ ದನಿ ಎಲ್ಲಿಂದಲೋ ಬಂತು. ಈರುಳ್ಳಿ ಆಯುತ್ತಿದ್ದ ಹೆಂಗಸೊಬ್ಬಳು ನನ್ನನ್ನು ಪಕ್ಕಕ್ಕೆ ತಳ್ಳಿ ಲಾರಿಗೆ ಅಂಗೈಯಲ್ಲಿ ಒಂದೇ ಒಂದು ಏಟು ಹೊಡೆದಳು. ಲಾರಿ ನಿಂತಿತು. ಅಡಿಯಿಂದ ಮೊದಲು ನಾಯಿ ಬಂತು, ಆಮೇಲೆ ಮನುಷ್ಯ ಬಂದರು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅದು ಚಕ್ರದ ಕೆಳಗಿತ್ತು.

"ಯಾರಮ್ಮ ನೀನು?" ಎಂದಳು ಆಕೆ, ಅವರಿಗೆ ಕೇಳಿಸದಷ್ಟು ದೂರಕ್ಕೆ ನನ್ನನ್ನು ಎಳೆದು. "ಇಂಗೆ ದಬದಬ ಅಂತ ಬಡುದ್ರೆ ಬಾ ಬಾ ಅಂತ. ನಿಲ್ಲು ಅನ್ನಾಕೆ ಒಂದೇ ಏಟು. ಅಷ್ಟೂ ಗೊತ್ತಿಲ್ವಾ? ಓದ್ದೋರ್ ತರ ಕಾಣ್ತೀಯ."

ಗೊತ್ತಿತ್ತು. ಅದೇ ನನ್ನನ್ನು ಇಂದಿಗೂ ಕೊರೆಯುವುದು. ಮೂವತ್ತು ವರ್ಷ ಸಿಟಿ ಬಸ್ಸಿನಲ್ಲಿ ಓಡಾಡಿದವಳು ನಾನು. ಒಂದು ಸೀಟಿಗೆ ನಿಲ್ಲುತ್ತದೆ, ಎರಡು ಸೀಟಿಗೆ ಹೊರಡುತ್ತದೆ, ಬಸ್ಸಿನ ಮೈ ಮೇಲೆ ಎರಡೇಟು ಬಿದ್ದರೆ ರೈಟ್ ಎಂದರ್ಥ. ಮಕ್ಕಳಿಗೂ ಗೊತ್ತಿರುವ ವಿಷಯ. ಬೇಕಾದ ಹೊತ್ತಿನಲ್ಲಿ ನನ್ನ ಕೈಗಳಿಗೆ ಅದು ಗೊತ್ತಿರಲಿಲ್ಲ.

ಡ್ರೈವರ್ ಲಾರಿಯನ್ನು ಮುಂದೆ ತೆಗೆದ ಮೇಲೆ ಚೀಲ ಹೊಲಿಯುವವರು ಚಪ್ಪಲಿ ಎತ್ತಿಕೊಂಡರು. ಅದು ದೋಸೆಯ ಹಾಗೆ ಚಪ್ಪಟೆಯಾಗಿತ್ತು. ಅವರ ಹೆಸರು ಬಷೀರ್ ಸಾಬ್. ನಾಯಿ ಅವರ ಲುಂಗಿಯಲ್ಲಿ ಮುಖ ಮುಚ್ಚಿಕೊಂಡಿತ್ತು. "ಇವ್ನು ಶೀನ. ನಮ್ಮ ವಾಚ್‌ಮನ್ ಮುನಿಯಪ್ಪನ್ ನಾಯಿ" ಎಂದರು. "ಹತ್ತು ವರ್ಷ ಇದೇ ಮೂಲೇಲಿ, ಒಂದೇ ಚೀಲದ್ ಮೇಲೆ ಇಬ್ರೂ ಮಲಗೋರು. ಮುನಿಯಪ್ಪ ತೀರ್ಕೊಂಡಾಗ ನಾನು ಅಕ್ಕನ್ ಮನೆ ಮದ್ವೇಗ್ ಹೋಗಿದ್ದೆ. ಬಂದ್ ನೋಡಿದ್ರೆ ಮುನಿಯಪ್ಪಾನೂ ಇಲ್ಲ, ಇವ್ನೂ ಇಲ್ಲ. ಯಾವ್ದೋ ವ್ಯಾನ್ ಬಂದಿತ್ತು ಅಂದ್ರು, ಎಲ್ಲೀದು ಅಂತ ಯಾರ್ಗೂ ಗೊತ್ತಿಲ್ಲ. ಇಷ್ಟ್ ದಿನ ಎಲ್ಲಿದ್ದ ಮೇಡಂ?"

"ನಮ್ಮಲ್ಲಿ" ಎಂದೆ. "ಆಸ್ಕರ್ ಅಂತ ಕರೀತಿದ್ವಿ."

"ಅದ್ಯಾರು?" ಎಂದರು ಅವರು ನಿಜವಾದ ಕುತೂಹಲದಿಂದ.

ಮತ್ತಿಕೆರೆಗೆ ಫೋನ್ ಮಾಡಿ, ಸ್ವಲ್ಪ ತಡವಾಗುತ್ತದೆ, ನಾಯಿ ತಪ್ಪಿಸಿಕೊಂಡಿತ್ತು ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಆಚೆ ಸ್ವಲ್ಪ ಹೊತ್ತು ಗುಸುಗುಸು. "ನಮ್ದು ಮೂರನೇ ಫ್ಲೋರು ಮೇಡಂ. ಬಾಲ್ಕನಿಯಿಂದ ಹಾರ್ಬಿಟ್ರೆ? ಬೇಜಾರ್ ಮಾಡ್ಕೋಬೇಡಿ" ಎಂದರು. ತಪ್ಪು ಅವರದಲ್ಲ.

ಹಾಗಾದರೆ ಈಗ ಊರಾಚೆಯ ಶೆಡ್ಡೇ ಗತಿ. ನಾನು ಕಟ್ಟೆಯ ಮೇಲೆ ಕೂತು, ಲೈಬ್ರರಿಯಲ್ಲಿ ಇತರರಿಗೆ ಕೂಡದೆಂದು ಹೇಳುವಂಥ ಸದ್ದು ಮಾಡಿಕೊಂಡು ಅತ್ತೆ. ಬಷೀರ್ ಸಾಬರು ಹೊಲಿಗೆ ಮುಂದುವರಿಸುತ್ತಾ, "ನಾನ್ ಕರ್ಕೊಂಡು ಹೋಗ್ತಿದ್ದೆ. ಅಮ್ಮಿ ಒಪ್ಪಲ್ಲ. ನಮಾಜ್ ಮಾಡೋ ಮನೆ" ಎಂದರು. ಹತ್ತು ಹೊಲಿಗೆ ಆದ ಮೇಲೆ, "ಒಂದ್ಸಲ ಕೇಳ್ ನೋಡೋಣ. ನೀವೂ ಬನ್ನಿ. ಓದ್ದೋರು ಜೊತೇಲಿದ್ರೆ ಬೈಯೋದು ಕಮ್ಮಿ" ಎಂದರು.

ಆರ್.ಟಿ. ನಗರದ ಒಳಗಿನ ಗಲ್ಲಿಯೊಂದರಲ್ಲಿ ಅವರ ಮನೆ. ಮುಂದೆ ತಗಡಿನ ಶೆಡ್ಡು, ಅದರ ತುಂಬ ಹೊಲಿಯಬೇಕಾದ ಗೋಣಿಚೀಲಗಳ ಗುಡ್ಡ. ಅಮ್ಮಿ ಹೊಸ್ತಿಲ ಒಳಗೆ ಸ್ಟೂಲಿನ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ನಾಯಿಯನ್ನು ನೋಡಿ ಮಗನಿಗೆ, "ಘರ್ ಮೇ ಕುತ್ತಾ ನಕ್ಕೋ" ಎಂದರು, ಮನೆಯೊಳಗೆ ನಾಯಿ ಬೇಡವೆಂದು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಕಾವಲಿಗೆ ಆದ್ರೆ ಇಟ್ಕೋಬಹುದು ಅಂತ ದೊಡ್ಡೋರು ಹೇಳ್ತಾರೆ. ಮನೆ ಆಚೆ. ಬೊಗಳ್ತಾನಾ ಇವ್ನು?" ಎಂದರು.

ಸುಳ್ಳು ಹೇಳಬಹುದಿತ್ತು. ಆ ದಿನ ಆಗಲೇ ಸಾಕಷ್ಟು ತಪ್ಪು ಮಾಡಿದ್ದೆ. "ಇಲ್ಲ" ಎಂದೆ.

"ಕಚ್ತಾನಾ?"

"ಇಲ್ಲ."

"ಮತ್ತೆ ಕಳ್ಳ ಬಂದ್ರೆ ಏನ್ ಮಾಡ್ತಾನೆ?"

ಉತ್ತರ ಯೋಚಿಸುವಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು. ಶೀನ ಗೋಣಿಯ ಗುಡ್ಡಕ್ಕೆ ತಲೆಕೊಟ್ಟು ನುಗ್ಗಿದ. ಬಾಲದ ತುದಿ ಮಾತ್ರ ಆಚೆ ಉಳಿದು ನಡುಗುತ್ತಿತ್ತು. ಅಮ್ಮಿ ಅದನ್ನೇ ನೋಡಿದರು. ಬೆಳ್ಳುಳ್ಳಿ ಕೆಳಗಿಟ್ಟು ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕು, "ಈ ಚೌಕೀದಾರ್‌ನ ಕಾಯೋಕೆ ಇನ್ನೊಬ್ಬ ಚೌಕೀದಾರ್ ಬೇಕು" ಎಂದರು. ಬೆಳ್ಳುಳ್ಳಿಯನ್ನು ಮತ್ತೆ ಕೈಗೆತ್ತಿಕೊಂಡು, ಯಾರೂ ಕೇಳದೆಯೇ, "ಇರ್ಲಿ. ಕೆಲ್ಸ ಕಲೀತಾನೆ" ಎಂದರು.

ಅವನು ಯಾವ ಕೆಲಸವನ್ನೂ ಕಲಿಯಲಿಲ್ಲ. ಕಲಿತವರು ಅಮ್ಮಿ. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಆಶ್ರಮದಲ್ಲಿ ಉಳಿದಿದ್ದ ಹಳೆಯ ಗೋಣಿಯನ್ನು ಮೊದಲ ಸಲವೇ ಒಯ್ದು ಕೊಟ್ಟೆ. ಬಷೀರ್ ಸಾಬರು ಅದರ ಹರಕುಗಳನ್ನೆಲ್ಲ ಹೊಲಿದರು, ಒಗೆಯಲಿಲ್ಲ. ಒಲೆಯ ಮೇಲೆ ಕುಕ್ಕರ್ ಇಟ್ಟಾಗ ಅಮ್ಮಿ ಹೊಸ್ತಿಲಿಗೆ ಬಂದು, "ಸೀಟಿ ಆರೀ ರೇ ಶೀನಾ" ಎಂದು, ಸೀಟಿ ಬರುವುದನ್ನು ಮುಂಚಿತವಾಗಿ ತಿಳಿಸುತ್ತಿದ್ದರು. ಅವನು ಆಗಲೂ ಹೆದರುತ್ತಿದ್ದ, ಆದರೆ ಅವರ ಮುಖ ನೋಡಿಕೊಂಡು ಹೆದರುತ್ತಿದ್ದ. ಅವನು ಒಂದು ದಿನವೂ ಹೊಸ್ತಿಲು ದಾಟಲಿಲ್ಲ. ಅಮ್ಮಿಯ ಸ್ಟೂಲು ಮಾತ್ರ ತಿಂಗಳಿಂದ ತಿಂಗಳಿಗೆ ಸರಿಯುತ್ತಾ ಬಂದು, ಕೊನೆಗೆ ಹೊಸ್ತಿಲ ಆಚೆ, ಶೆಡ್ಡಿನಲ್ಲಿ ಇರುತ್ತಿತ್ತು.

ಲಾರಿ ಬಡಿದವಳು ನಾನೇ ಎಂದು ಬಷೀರ್ ಸಾಬರಿಗೆ ಹೇಳಲು ನನಗೆ ಒಂದು ವರ್ಷ ಬೇಕಾಯಿತು. ಚಹಾ ಕುಡಿಯುತ್ತಾ ಹೇಳಿದೆ.

"ಗೊತ್ತಿತ್ತು ಮೇಡಂ" ಎಂದರು. "ಕೆಳಗ್ ಮಲಗಿದ್ನಲ್ಲ, ಬಳೆ ಸದ್ದು ಕೇಳ್ತಿತ್ತು. ಒಂದೇ ಸಮ. ನಮ್ ಯಾರ್ಡ್ ಹೆಂಗಸ್ರು ಹಂಗ್ ಹೊಡೆಯಲ್ಲ."

"ಮತ್ತೆ ಯಾಕೆ ಏನೂ ಹೇಳ್ಲಿಲ್ಲ?"

"ನೀವು ಬಾ ಅಂತ ಹೊಡೀಲಿಲ್ವಲ್ಲ. ಲಾರೀಗ್ ಅರ್ಥ ಆಗ್ಲಿಲ್ಲ, ನನಗ್ ಆಯ್ತು." ಮತ್ತೆ ಚಪ್ಪಟೆ ಚಪ್ಪಲಿಯ ಕಾಲನ್ನು ಮುಂದೆ ಚಾಚಿ, "ಇದೂ ನಡೀತಾ ಐತೆ ನೋಡಿ" ಎಂದರು.

ಶೀನ ಕಳೆದ ವರ್ಷ ಒಂದು ಮಧ್ಯಾಹ್ನ ಗೋಣಿಯ ಮೇಲೆ ಮಲಗಿದವನು ಏಳಲಿಲ್ಲ. ಅವನು ಹೋದ ಮೇಲೆ ನಾನು ಆ ಗಲ್ಲಿಗೆ ಹೋಗಿರಲಿಲ್ಲ. ಏನು ನೆಪ ಹೇಳಿಕೊಂಡು ಹೋಗುವುದು? ಆಶ್ರಮಕ್ಕೂ ಹೋಗುವುದು ಬಿಟ್ಟಿದ್ದೆ.

ಲಿಫ್ಟಿನಿಂದ ಇಳಿದವಳು ಬಾಗಿಲು ತೆಗೆಯುವ ಮೊದಲೇ ಬಷೀರ್ ಸಾಬರಿಗೆ ಫೋನ್ ಮಾಡಿದೆ. ಎತ್ತಿದವರು ಅಮ್ಮಿ. ಯಾರೆಂದು ಹೇಳುವ ಮೊದಲೇ ದನಿ ಗುರುತು ಹಿಡಿದರು.

"ಸತ್ತಿದೀಯೋ ಬದುಕಿದೀಯೋ ಅಂತಾನೂ ಕೇಳಲ್ಲ ನೀನು. ಚೌಕೀದಾರ್ ಜಾಗ ಖಾಲಿ ಬಿದ್ದೈತೆ. ನಿಮ್ ಆಶ್ರಮದಲ್ಲಿ ಮುದುಕ್ರು ಯಾರಾದ್ರೂ ಅವ್ರಾ?"

"ಇರ್ತಾರೆ ಅಮ್ಮಿ. ಆದ್ರೆ ಎಲ್ಲಾ ಹೆದರ್ಕೊಳ್ಳೋರೇ."

"ಅಂಥೋರೇ ಬೇಕು. ಹುಷಾರಾಗಿರೋರು ನಕ್ಕೋ, ನಮ್ಗೆ ಅಭ್ಯಾಸ ಇಲ್ಲ."

ನಾಳೆ ಭಾನುವಾರ. ಸವಿತಾಳಿಗೆ ಹೇಳಿದ್ದೇನೆ. ಹದಿಮೂರು ವರ್ಷದ ಒಬ್ಬಳಿದ್ದಾಳಂತೆ, ಪೊರಕೆ ಕಂಡರೆ ಮಂಚದ ಕೆಳಗೆ ಸೇರುತ್ತಾಳಂತೆ. ಈಗಷ್ಟೇ ಕೆಳಗಿಳಿದು ಪಂಕಜಮ್ಮನವರ ಬಾಗಿಲು ತಟ್ಟಿ, ನಾಮಕರಣ ಮುಗಿಯಿತಲ್ಲ, ಈರುಳ್ಳಿ ಚೀಲ ಖಾಲಿಯಾಗಿದ್ದರೆ ಕೊಡುತ್ತೀರಾ ಎಂದು ಕೇಳಿದೆ. ಮನೆ ತುಂಬ ನೆಂಟರು. ಅವರು ಚೀಲವನ್ನು ಎರಡು ಬೆರಳಲ್ಲಿ ಹಿಡಿದು ತಂದರು.

"ಅಯ್ಯೋ, ಗಬ್ಬು ವಾಸನೆ ಕಣ್ರೀ. ತಡೀರಿ, ಒಗೆಸಿ ಕೊಡ್ತೀನಿ. ಹೀಗೇ ತಗೊಂಡು ಹೋದ್ರೆ ಏನಂದ್ಕೋತಾರೆ?"

"ಬೇಡ" ಎಂದೆ. ದನಿ ಬೇಕಾದದ್ದಕ್ಕಿಂತ ಜೋರಾಗಿಯೇ ಬಂತು. ಒಳಗಿದ್ದ ನೆಂಟರೆಲ್ಲ ತಿರುಗಿ ನೋಡಿದರು. "ಒಗೀಬೇಡಿ. ಹಾಗೇ ಕೊಡಿ."