ಬೇರು ಬಿಡದ ಜೊಂಡು

ಕಾರಿಮಂಗಲಂ ಹತ್ತಿರದ ಸಬ್ಬಕ್ಕಿ ಮಿಲ್ಲಿನಲ್ಲಿ ಅವ್ವ ಮರಗೆಣಸಿನ ಸಿಪ್ಪೆ ತೆಗೆಯುತ್ತಿದ್ದಳು. ಮಿಲ್ಲಿನ ಕೊಳಕು ನೀರು ಶುದ್ಧವಾಗಲೆಂದು ಜಲ್ಲಿ ತುಂಬಿದ ಹೊಂಡದಲ್ಲಿ ಜೊಂಡು ನೆಟ್ಟವನು ನಾನು. ಬೇರು ಹಿಡಿಯಲು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಕಾಯಿರಿ ಎಂದೆ. ಮಾಲೀಕ ಕೇಳುವ ಜನ್ಮವಲ್ಲ. ತಮಿಳರ ಆಷಾಢವಾದ ಆಡಿ ತಿಂಗಳು ಹುಟ್ಟಿದರೆ ಶುಭಕಾರ್ಯ ಮಾಡುವಂತಿಲ್ಲವೆಂದು ನೆಟ್ಟ ಹತ್ತನೇ ದಿನಕ್ಕೇ ಹೊಂಡದ ಉದ್ಘಾಟನೆಗೆ ಮುಹೂರ್ತ ಇಡಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಆಫೀಸರನ್ನೂ ಕರೆಸಿದ.

ಗೃಹಪ್ರವೇಶಕ್ಕೆ ಮಾಡುವ ಹಾಗೆ ನಮ್ಮ ಹಸುವಿಗೆ ಅರಿಶಿನ ಕುಂಕುಮ ಹಚ್ಚಿ, ಹೊಂಡದಿಂದ ಹೊರಬರುವ ನೀರಿನ ಮುಂದೆ ನಿಲ್ಲಿಸಿದರು. ಅದು ಮೂಸಿ ನೋಡಿ ಮುಖ ತಿರುಗಿಸಿತು. ಆಫೀಸರ್ ನಕ್ಕರು. ಮಾಲೀಕ ಅದೇ ನೀರನ್ನು ಲೋಟದಲ್ಲಿ ಹಿಡಿದು ಅವ್ವನ ಕೈಗೆ ಕೊಟ್ಟ.

"ಅಸು ಕುಡೀದಿದ್ರೆ ಏನು, ನೀನು ಕುಡಿಮ್ಮಾ."

ಅವ್ವ ನನ್ನ ಕಡೆ ನೋಡಿದಳು. ಕೆಲಸ ಹೋದೀತೆಂದು ನಾನು ಜೊಂಡಿನ ಕಡೆ ನೋಡಿದೆ. ಅವಳು ಲೋಟ ಖಾಲಿ ಮಾಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಮನೆಗೆ ಹೋಗುವ ದಾರಿಯಲ್ಲಿ ಅವಳು ಮೂರು ಸಲ ವಾಂತಿ ಮಾಡಿಕೊಂಡಳು. ಯಾಕೆ ಕುಡಿದೆ ಎಂದು ಅವಳನ್ನೇ ಗದರಿದೆ.

"ನೀನು ನೆಟ್ಟಿದ್ದಲ್ವೇನ್ಲಾ," ಅಂದಳು. "ಕೆಟ್ಟ ನೀರಾಗಿದ್ರೆ ನೀನೇ ಬ್ಯಾಡ ಅಂತಿದ್ದೆ ಅಂದ್ಕಂಡೆ."